ಪ್ಯಾರಿಷ್ ಮುಚ್ತು, ಸ್ಟೇಡಿಯಂ ತೆರೀತು: ಸೇಂಟ್ ಲೂಯಿಸ್ ಫುಟ್ಬಾಲ್ ಈಗ ಯಾರದ್ದು?

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಯಾರನ್ನಾದ್ರೂ ಹೊಸದಾಗಿ ಪರಿಚಯ ಮಾಡ್ಕೊಂಡ್ರೆ ಅವರು ಕೇಳೋ ಮೊದಲ ಪ್ರಶ್ನೆ "ಯಾವ ಹೈಸ್ಕೂಲು?" ಅಂತ. ನಮ್ಮ ಕಡೆ "ಯಾವೂರಾಯ್ತು, ಯಾರ ಪೈಕಿ" ಅಂತ ಕೇಳ್ತಾರಲ್ಲ, ಥೇಟ್ ಅದೇ. ಹೈಸ್ಕೂಲ್ ಹೆಸರು ಹೇಳಿದ ತಕ್ಷಣ ನೀವು ಬೆಳೆದ ಏರಿಯಾ ಯಾವುದು, ಚರ್ಚ್ ಯಾವುದು, ಮನೆ ಕಡೆ ಹೆಂಗಿದ್ರಿ ಅನ್ನೋದೆಲ್ಲ ಅವರಿಗೆ ಅಂದಾಜಾಗ್ಬಿಡುತ್ತೆ. ಹಳೇ ಫುಟ್ಬಾಲ್ ಆಟಗಾರರು ಸಿಕ್ಕಿದ್ರಂತೂ ಪ್ರಶ್ನೆ ಇನ್ನೂ ಹಿಂದಕ್ಕೆ ಹೋಗುತ್ತೆ, "ಯಾವ ಪ್ಯಾರಿಷ್‌ಗೆ ಆಡ್ತಿದ್ರಿ?" ಅಂತ. ಪ್ಯಾರಿಷ್ ಅಂದ್ರೆ ಒಂದು ಚರ್ಚು, ಅದರ ಸ್ಕೂಲು, ಸುತ್ತಲಿನ ಹತ್ತಿಪ್ಪತ್ತು ಬೀದಿ, ಅಷ್ಟು ಸೇರಿ ಒಂದು ಕೇರಿ ಇದ್ದಂಗೆ. ಈ ಊರಿನ ಫುಟ್ಬಾಲ್ ಬೆಳೆದಿದ್ದು ಆ ಕೇರಿಗಳ ಒಳಗೆ.

2023ರಲ್ಲಿ ಮೂರು ತಿಂಗಳ ಒಳಗೆ ಇಲ್ಲಿ ಎರಡು ಘಟನೆ ಆಯ್ತು. ಮಾರ್ಚ್ 4ಕ್ಕೆ ಡೌನ್‌ಟೌನ್ ಪಕ್ಕದ ಹೊಸ ಸ್ಟೇಡಿಯಮ್ಮಲ್ಲಿ, ಅಮೆರಿಕದ ವೃತ್ತಿಪರ ಫುಟ್ಬಾಲ್ ಲೀಗ್ ಆದ ಮೇಜರ್ ಲೀಗ್‌ಗೆ ಹೊಸದಾಗಿ ಸೇರಿದ ಸೇಂಟ್ ಲೂಯಿಸ್ ಸಿಟಿ ಎಸ್‌ಸಿ ಕ್ಲಬ್ ತನ್ನ ಮೊದಲನೇ ಹೋಮ್ ಮ್ಯಾಚ್ ಆಡಿ ಷಾರ್ಲೆಟ್ ತಂಡವನ್ನ 3-1ರಲ್ಲಿ ಸೋಲಿಸ್ತು, ಊರಿಗೆ ಊರೇ ಕೆಂಪು ಜೆರ್ಸಿ ಹಾಕ್ಕೊಂಡು ಕುಣೀತು. ಮೇ ಕೊನೇಲಿ ಇಲ್ಲಿನ ಕ್ಯಾಥೊಲಿಕ್ ಆರ್ಚ್‌ಡಯಾಸಿಸ್, ಅಂದ್ರೆ ಆರ್ಚ್‌ಬಿಷಪ್ ಕೈಕೆಳಗಿನ ಚರ್ಚ್ ಆಡಳಿತ, ತನ್ನ 178 ಪ್ಯಾರಿಷ್‌ಗಳನ್ನ 134ಕ್ಕೆ ಇಳಿಸ್ತೀವಿ ಅಂತ ಹೇಳ್ತು. ಮೊದಲ್ನೇದು ಕ್ರೀಡಾ ಸುದ್ದಿ, ಎರಡನೇದು ಚರ್ಚ್ ಸುದ್ದಿ ಅಂತ ಜನ ಬೇರೆ ಬೇರೆಯಾಗೇ ಓದಿದ್ರು. ಈ ಊರಿನ ಹಿಂದಿನ ಕತೆ ಗೊತ್ತಿದ್ರೆ ಅವೆರಡನ್ನ ಬೇರೆ ಮಾಡಿ ನೋಡೋದು ಕಷ್ಟ, ಯಾಕಂದ್ರೆ ಫುಟ್ಬಾಲನ್ನ ನೂರು ವರ್ಷ ಹೊತ್ಕೊಂಡು ಬಂದಿದ್ದ ಮನೆ ಕುಸೀತಿರೋ ಹೊತ್ತಲ್ಲೇ ಅದಕ್ಕೆ ಇನ್ನೊಂದು ದೊಡ್ಡ ಮನೆ ಎದ್ದು ನಿಂತಿದೆ, ಹಳೇ ಮನೆಯವರೆಲ್ಲ ಹೊಸ ಮನೆಗೆ ಬಂದ್ರಾ ಅನ್ನೋದು ನನ್ನ ಪ್ರಶ್ನೆ.

ಶುರುವಿಂದ ಹೇಳ್ತೀನಿ. ಮಿಸಿಸಿಪ್ಪಿ ನದಿ ದಡದ ಈ ಊರಿಗೆ 19ನೇ ಶತಮಾನದಲ್ಲಿ ಐರಿಷ್ ಜನ ಬಂದ್ರು, ಜರ್ಮನ್ನರು ಬಂದ್ರು, ಆಮೇಲೆ ಇಟಾಲಿಯನ್ನರು, ಸ್ಪೇನಿನವರು. ಉತ್ತರ ಭಾಗದಲ್ಲಿ ಬಡ ಐರಿಷ್ ಕುಟುಂಬಗಳು ಒತ್ತೊತ್ತಾಗಿ ಇದ್ದ ಜಾಗಕ್ಕೆ ಕೆರ್ರಿ ಪ್ಯಾಚ್ ಅಂತಲೇ ಹೆಸರು. ವಾರಕ್ಕೆ ಆರು ದಿನ ದುಡಿಯೋ ಜನಕ್ಕೆ ಆಟ ಆಡೋಕೆ ಸಿಗೋದು ಭಾನುವಾರ ಒಂದೇ. ಅಮೆರಿಕದ ಪೂರ್ವ ಕರಾವಳಿಯ ಎಷ್ಟೋ ಊರುಗಳಲ್ಲಿ ಭಾನುವಾರ ಆಟ ಆಡಬಾರದು ಅಂತ ಕಾನೂನಿತ್ತು, ಆದ್ರೆ ಸೇಂಟ್ ಲೂಯಿಸ್‌ನಲ್ಲಿ ಕ್ಯಾಥೊಲಿಕರು ಮತ್ತೆ ಜರ್ಮನ್ನರು ಜಾಸ್ತಿ ಇದ್ದಿದ್ರಿಂದ ಬೆಳಗ್ಗೆ ಪೂಜೆ ಮುಗಿಸ್ಕೊಂಡು ಮಧ್ಯಾಹ್ನ ಮೈದಾನಕ್ಕೆ ಹೋದ್ರೆ ಯಾರೂ ತಪ್ಪು ಅಂತಿರ್ಲಿಲ್ಲ. ಇದು ಚಿಕ್ಕ ವಿಷಯ ಅನ್ಸಬಹುದು, ಆದ್ರೆ ಈ ಊರಲ್ಲಿ ಫುಟ್ಬಾಲ್ ಬೇರು ಬಿಟ್ಟಿದ್ದಕ್ಕೆ ಇದು ದೊಡ್ಡ ಕಾರಣ. 1904ರ ಒಲಿಂಪಿಕ್ಸ್ ಇಲ್ಲೇ ನಡೆದಾಗ ಫುಟ್ಬಾಲಿಗೆ ಬಂದಿದ್ದೇ ಮೂರು ತಂಡ. ಚಿನ್ನ ಕೆನಡಾದ ಗಾಲ್ಟ್ ಕ್ಲಬ್ಬಿಗೆ ಹೋಯ್ತು, ಬೆಳ್ಳಿ ಇಲ್ಲಿನ ಕ್ರಿಶ್ಚಿಯನ್ ಬ್ರದರ್ಸ್ ಕಾಲೇಜಿಗೆ, ಕಂಚು ಸೇಂಟ್ ರೋಸ್ ಅನ್ನೋ ಪ್ಯಾರಿಷ್ ತಂಡಕ್ಕೆ. ಒಂದು ಕೇರಿಯ ಚರ್ಚ್ ಟೀಮಿಗೆ ಒಲಿಂಪಿಕ್ ಕಂಚು ಅಂದ್ರೆ ಯೋಚನೆ ಮಾಡಿ!

ಆಮೇಲೆ ಪ್ರಾಯೋಜಕರು ಬಂದ್ರು. ಆ ಹೆಸರುಗಳನ್ನ ಸಾಲಾಗಿ ಓದಿದ್ರೆ ಊರಿನ ಆರ್ಥಿಕ ಇತಿಹಾಸನೇ ಓದಿದಂಗಾಗುತ್ತೆ. 1920ರಲ್ಲಿ ಪೂರ್ವ ಕರಾವಳಿಯಿಂದ ಆಚೆಗೆ ಮೊದಲ ಸಲ ನ್ಯಾಷನಲ್ ಕಪ್ ತಂದ ತಂಡ ಬೆನ್ ಮಿಲ್ಲರ್ಸ್, ಅದು ಟೋಪಿ ಕಂಪನಿ ಹೆಸರು. 1933, 34ರಲ್ಲಿ ಸ್ಟಿಕ್ಸ್, ಬೇರ್ ಅಂಡ್ ಫುಲ್ಲರ್ ಗೆಲ್ತು, ಅದು ಡಿಪಾರ್ಟ್‌ಮೆಂಟ್ ಸ್ಟೋರ್. ಪಾನನಿಷೇಧ ಹೋಗಿ ಬಿಯರ್ ಮತ್ತೆ ಬಂದ ಮೇಲೆ 1935ರಲ್ಲಿ ಕಪ್ ಗೆದ್ದಿದ್ದು ಸೆಂಟ್ರಲ್ ಬ್ರೂವರೀಸ್. 1948 ಮತ್ತೆ 1950ರಲ್ಲಿ ಸಿಂಪ್ಕಿನ್ಸ್-ಫೋರ್ಡ್, ಕಾರ್ ಮಾರೋ ಡೀಲರ್. 1957ರಲ್ಲಿ ಕುಟಿಸ್, ಅದು ಶವಸಂಸ್ಕಾರದ ವ್ಯವಸ್ಥೆ ನೋಡ್ಕೊಳ್ಳೋ ಫ್ಯೂನರಲ್ ಹೋಮ್. ಆ ವರ್ಷ ವರ್ಲ್ಡ್ ಕಪ್ ಕ್ವಾಲಿಫೈಯಿಂಗ್‌ನಲ್ಲಿ ಕೆನಡಾ ವಿರುದ್ಧ ಆಡೋಕೆ ಅಮೆರಿಕಕ್ಕೆ ತಂಡ ಬೇಕಾದಾಗ ಹೆಚ್ಚುಕಮ್ಮಿ ಇದೇ ಕುಟಿಸ್ ಹುಡುಗರನ್ನೇ ಇಳಿಸಿದ್ರು. ಸ್ಟೇಡಿಯಮ್ಮಿಗೆ ಈಗಿರೋ ಎನರ್ಜೈಸರ್ ಪಾರ್ಕ್ ಅನ್ನೋ ಹೆಸರೂ ಬ್ಯಾಟರಿ ಕಂಪನಿಯದ್ದೇ, ಹಂಗಾಗಿ ದುಡ್ಡಿರೋರ ಹೆಸರು ಜೆರ್ಸಿ ಮೇಲೆ ಬರೋದು ಈ ಊರಿಗೆ ಹೊಸದೇನಲ್ಲ. ಬದಲಾಗಿರೋದು ಜೆರ್ಸಿ ಒಳಗಿರೋ ಹುಡುಗ. ಆಗ ಅವನು ಎದುರು ಮನೆಯವನಾಗಿದ್ದ.

ಎದುರು ಮನೆ ಅಂದೆ ಅಲ್ವಾ, ಅದನ್ನ ಹತ್ತಿರದಿಂದ ನೋಡ್ಬೇಕು ಅಂದ್ರೆ ದಿ ಹಿಲ್ ಅನ್ನೋ ಏರಿಯಾಗೆ ಹೋಗ್ಬೇಕು. ಊರಿನ ದಕ್ಷಿಣ ಭಾಗದಲ್ಲಿ ಸ್ವಲ್ಪ ಎತ್ತರದ ಜಾಗ, ಕೆಳಗೆ ಜೇಡಿಮಣ್ಣಿನ ಗಣಿ, ಇಟ್ಟಿಗೆ ಕಾರ್ಖಾನೆ ಇತ್ತು, ಆ ಕೆಲಸಕ್ಕೆ ಅಂತ ಲೊಂಬಾರ್ಡಿಯಿಂದ, ಸಿಸಿಲಿಯಿಂದ ಬಂದ ಇಟಾಲಿಯನ್ನರು ಇಲ್ಲೇ ನೆಲೆ ನಿಂತ್ರು. ಇವತ್ತಿಗೂ ಬೀದಿ ಬದಿಯ ಬೆಂಕಿ ನಂದಿಸೋ ನೀರಿನ ಕೊಳಾಯಿಗಳಿಗೆ ಕೆಂಪು, ಬಿಳಿ, ಹಸಿರು ಬಣ್ಣ ಬಳಿದಿದ್ದಾರೆ, ಸೇಂಟ್ ಆಂಬ್ರೋಸ್ ಚರ್ಚಿನ ಗೋಪುರ ಎಲ್ಲಿಂದ ನೋಡಿದ್ರೂ ಕಾಣುತ್ತೆ, ಮನೆಗಳು ಎಷ್ಟು ಹತ್ರ ಹತ್ರ ಅಂದ್ರೆ ಒಂದು ಮನೇಲಿ ಬೆಳ್ಳುಳ್ಳಿ ಹುರಿದ್ರೆ ಮೂರು ಮನೆಗೆ ಘಮ ಹೋಗುತ್ತೆ. ಈ ನಾಲ್ಕಾರು ಬೀದಿಯಿಂದ ಫ್ರಾಂಕ್ ಬೋರ್ಗಿ, ಜಿನೋ ಪರಿಯಾನಿ, ಚಾರ್ಲಿ ಕೊಲಂಬೊ, ಫ್ರಾಂಕ್ ವಾಲೇಸ್ ಅಂತ ನಾಲ್ಕು ಜನ, ಇನ್ನೊಂದು ಏರಿಯಾದ ಹ್ಯಾರಿ ಕೀಯೊ ಸೇರಿ ಐದು ಜನ ಸೇಂಟ್ ಲೂಯಿಸ್ ಹುಡುಗರು 1950ರ ವರ್ಲ್ಡ್ ಕಪ್‌ನಲ್ಲಿ ಅಮೆರಿಕ ತಂಡದ ಪರವಾಗಿ ಜೂನ್ 29ಕ್ಕೆ ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಇಂಗ್ಲೆಂಡ್ ವಿರುದ್ಧ ಮೈದಾನಕ್ಕಿಳಿದ್ರು. ಹನ್ನೊಂದರಲ್ಲಿ ಐದು ಜನ ಒಂದೇ ಊರಿನವರು! ಗೋಲು ಹೊಡೆದಿದ್ದು ಅಮೆರಿಕಕ್ಕೆ ಆಡ್ತಿದ್ದ ಹೈಟಿ ದೇಶದ ಜೋ ಗೇಟ್ಜೆನ್ಸ್, ಅಮೆರಿಕ 1-0ರಲ್ಲಿ ಗೆಲ್ತು, ವರ್ಲ್ಡ್ ಕಪ್ ಇತಿಹಾಸದಲ್ಲಿ ಇವತ್ತಿಗೂ ನೆನೆಸ್ಕೊಳ್ಳೋ ಫಲಿತಾಂಶ.

ಗೋಲ್‌ಕೀಪರ್ ಬೋರ್ಗಿ ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಡೋ ಮೆಡಿಕ್ ಆಗಿದ್ದವರು, ಊರಲ್ಲಿ ಫ್ಯೂನರಲ್ ಹೋಮ್ ಕೆಲಸ. ಕಾಲಲ್ಲಿ ಬಾಲ್ ಒದೆಯೋದು ಅಷ್ಟಕ್ಕಷ್ಟೆ, ಆದ್ರೆ ಬೇಸ್‌ಬಾಲ್ ಆಡಿದ ಕೈ, ಹಿಡಿದ್ರೆ ಬಿಡ್ತಿರ್ಲಿಲ್ಲ. ಕೀಯೊ ಮನೆಮನೆಗೆ ಕಾಗದ ಹಂಚೋ ಪೋಸ್ಟ್‌ಮ್ಯಾನ್. ಆ ಟೂರ್ನಮೆಂಟಿಗೆ ಅಮೆರಿಕದಿಂದ ಹೋಗಿದ್ದ ಪತ್ರಕರ್ತ ಒಬ್ಬರೇ, ಡೆಂಟ್ ಮೆಕ್‌ಸ್ಕಿಮ್ಮಿಂಗ್, ಅವರೂ ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್ ಪೇಪರಿನವರು. ಇಡೀ ದೇಶ ತಲೆ ಕೆಡಿಸ್ಕೊಳ್ಳದ ಆಟಕ್ಕೆ ಈ ಒಂದು ಊರು ಮಾತ್ರ ಮನೆ ಮಗನ ಮದುವೆ ಥರ ಓಡಾಡ್ತಿತ್ತು. (ಇಲ್ಲೊಂದು ಮಾತು ಹೇಳದೆ ಇರೋಕಾಗಲ್ಲ: ಅದೇ 1950ರ ವರ್ಲ್ಡ್ ಕಪ್‌ಗೆ ಭಾರತಕ್ಕೂ ಜಾಗ ಸಿಕ್ಕಿತ್ತು, ನಾವು ಹೋಗ್ಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಗೋಲು ಹೊಡೆದಿದ್ದ ಸಾರಂಗಪಾಣಿ ರಾಮನ್, ಜೊತೆಗಿದ್ದ ಅಹ್ಮದ್ ಖಾನ್ ಇಬ್ಬರೂ ಬೆಂಗಳೂರಿನವರು. ಬೋರ್ಗಿ ಹೆಸರು ಓದಿದಾಗೆಲ್ಲ ನನಗೆ ಇವರಿಬ್ಬರ ನೆನಪಾಗುತ್ತೆ.)

ಆ ಐದು ಜನ ಆಕಾಶದಿಂದ ಉದುರಿದವರಲ್ಲ. ಇಲ್ಲಿ ಸಿವೈಸಿ, ಅಂದ್ರೆ ಕ್ಯಾಥೊಲಿಕ್ ಯೂತ್ ಕೌನ್ಸಿಲ್ ಅಂತ ಒಂದು ವ್ಯವಸ್ಥೆ ಇದೆ. ಪ್ರತಿ ಪ್ಯಾರಿಷ್ ಸ್ಕೂಲಿಗೆ ಒಂದು ಟೀಮು, ಪಕ್ಕದ ಪ್ಯಾರಿಷ್ ಮೇಲೆ ಮ್ಯಾಚು, ಕೋಚ್ ಯಾರೋ ಹುಡುಗನ ಅಪ್ಪ, ಖರ್ಚು ಅಂದ್ರೆ ಒಂದು ಜರ್ಸಿ. ಸೇಂಟ್ ಲೂಯಿಸ್ ಯೂನಿವರ್ಸಿಟಿ 1959ರಲ್ಲಿ ಫುಟ್ಬಾಲ್ ತಂಡ ಕಟ್ಟಿದಾಗ ಅದರ ಕೋಚ್ ಬಾಬ್ ಗೆಲ್ಕರ್, ಸಿವೈಸಿಯಲ್ಲೇ ಕೆಲಸ ಮಾಡ್ತಿದ್ದವರು, ಹುಡುಗರನ್ನ ಬೇರೆಲ್ಲೂ ಹುಡುಕೋಕೆ ಹೋಗ್ಲಿಲ್ಲ. ಆ ವರ್ಷ ಮೊದಲ ಸಲ ನಡೆದ ರಾಷ್ಟ್ರೀಯ ಕಾಲೇಜ್ ಚಾಂಪಿಯನ್‌ಶಿಪ್ಪನ್ನ ಈ ತಂಡ ಗೆದ್ದುಬಿಡ್ತು. 1973ರ ಹೊತ್ತಿಗೆ ಹತ್ತು ಟೈಟಲ್, ಐದು ಗೆಲ್ಕರ್ ಕಾಲದಲ್ಲಿ, ಐದು ಅವರ ನಂತರ ಬಂದ ಅದೇ ಪೋಸ್ಟ್‌ಮ್ಯಾನ್ ಹ್ಯಾರಿ ಕೀಯೊ ಕಾಲದಲ್ಲಿ. ಬೇರೆ ಕಾಲೇಜುಗಳು ವಿದೇಶದಿಂದ ಆಟಗಾರರನ್ನ ಕರೆಸ್ತಿದ್ದಾಗ ಇವರು ಬಸ್ಸಲ್ಲಿ ಮನೆಗೆ ಹೋಗೋ ಹುಡುಗರನ್ನ ಇಟ್ಕೊಂಡು ಗೆಲ್ತಿದ್ರು.

ಹಂಗಾದ್ರೆ 1973ರ ನಂತರ ಆ ಯೂನಿವರ್ಸಿಟಿಗೆ ಹನ್ನೊಂದನೇ ಟೈಟಲ್ ಯಾಕೆ ಬರ್ಲಿಲ್ಲ? ಬೇರೆ ಊರುಗಳು ಕಲಿತವು, ಸ್ಕಾಲರ್‌ಶಿಪ್ ಕೊಟ್ಟವು ಅನ್ನೋದು ಅರ್ಧ ಉತ್ತರ. ಇನ್ನರ್ಧಕ್ಕೆ ಜನಗಣತಿ ನೋಡ್ಬೇಕು. 1950ರಲ್ಲಿ, ಅಂದ್ರೆ ಇಂಗ್ಲೆಂಡನ್ನ ಸೋಲಿಸಿದ ವರ್ಷ, ಸೇಂಟ್ ಲೂಯಿಸ್ ಸಿಟಿ ಜನಸಂಖ್ಯೆ 8,56,796. ಅದೇ ಶಿಖರ. 2020ರಲ್ಲಿ 3,01,578. ಮೂರರಲ್ಲಿ ಎರಡು ಪಾಲು ಜನ ಹೊರಟೋದ್ರು. ಯುದ್ಧದ ನಂತರ ಹೊಸ ಹೈವೇ, ಹೊಸ ಸಾಲ, ಹೊಸ ಮನೆ ಅಂತ ಬಿಳಿಯರ ಕುಟುಂಬಗಳು ಊರಾಚೆಯ ಸೇಂಟ್ ಲೂಯಿಸ್ ಕೌಂಟಿಗೆ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ಅಲ್ಲಿಂದ ಇನ್ನೂ ಆಚೆಗೆ ಹೋದವು. ಇಲ್ಲಿ ಸಿಟಿ ಬೇರೆ, ಕೌಂಟಿ ಬೇರೆ, 1876ರಲ್ಲೇ ಬೇರೆ ಆಗಿರೋದ್ರಿಂದ ಹೊರಗೆ ಹೋದವರ ತೆರಿಗೆನೂ ಹೊರಗೇ ಹೋಯ್ತು. ಪ್ಯಾರಿಷ್‌ನಲ್ಲಿ ಮಕ್ಕಳಿಲ್ಲ, ಸ್ಕೂಲ್ ಮುಚ್ತು, ಟೀಮ್ ಹೋಯ್ತು. 2023ರ ಘೋಷಣೆ ಈ ಎಪ್ಪತ್ತು ವರ್ಷದ ಸೋರಿಕೆಯ ಕೊನೇ ಲೆಕ್ಕ ಅಷ್ಟೇ. ಕೆಲವು ಪ್ಯಾರಿಷ್ ಜನ ಒಪ್ಪದೆ ರೋಮ್ ತನಕ ಮೇಲ್ಮನವಿ ಹಾಕಿದ್ರು, ಅವರ ಸಂಕಟ ನನಗೆ ಅರ್ಥ ಆಗುತ್ತೆ, ಅಜ್ಜ ಆಡಿದ ಮೈದಾನದಲ್ಲಿ ಮೊಮ್ಮಗ ಆಡ್ತಿರುವಾಗ ನಿಮ್ಮ ಪ್ಯಾರಿಷ್ ಇನ್ಮೇಲೆ ಇಲ್ಲ ಅಂದ್ರೆ ಯಾರಿಗಾದ್ರೂ ಕರುಳು ಚುರ್ ಅನ್ನುತ್ತೆ.

ಹೊರಗೆ ಹೋದ ಫುಟ್ಬಾಲ್ ಸಾಯ್ಲಿಲ್ಲ, ಬೇರೆ ರೂಪ ತಗೊಳ್ತು. ನಾವೂ ಆ ಹೊರಗಡೆಯ ಸಬರ್ಬ್‌ನಲ್ಲೇ ಇರೋರು, ನಮ್ಮಂಥ ಐಟಿ ಕೆಲಸಕ್ಕೆ ಬಂದ ಕನ್ನಡದವರು, ತೆಲುಗಿನವರು ಸುಮಾರು ಜನ ಈ ಕಡೆನೇ ಮನೆ ಮಾಡಿರೋದು. ಮಗಳನ್ನ ಒಂದು ಕ್ಲಬ್ಬಿಗೆ ಸೇರಿಸಿದ್ವಿ, ಫೀಸು, ಎರಡು ಸೆಟ್ ಯೂನಿಫಾರ್ಮು, ಟೂರ್ನಮೆಂಟ್ ಅಂತ ಇನ್ನೊಂದು ರಾಜ್ಯಕ್ಕೆ ಹೋದ್ರೆ ಹೋಟೆಲ್ಲು, ವರ್ಷಕ್ಕೆ ಸಾವಿರಾರು ಡಾಲರ್ ಕೈ ಬಿಡುತ್ತೆ. ಇಲ್ಲಿ ಇದಕ್ಕೆ ಪೇ-ಟು-ಪ್ಲೇ ಅಂತಾರೆ, ದುಡ್ಡು ಕೊಟ್ರೆ ಆಟ. ಕೋಚಿಂಗ್ ಚೆನ್ನಾಗಿದೆ, ನಾನು ಇಲ್ಲ ಅನ್ನಲ್ಲ. ಈ ಊರಿನ ಕ್ಲಬ್ ವ್ಯವಸ್ಥೆಯಿಂದ ಬೆಕಿ ಸಾವರ್‌ಬ್ರನ್, ಲೋರಿ ಚಲುಪ್ನಿ ಥರ ವರ್ಲ್ಡ್ ಕಪ್ ಗೆದ್ದ ಹೆಣ್ಮಕ್ಕಳು, ಟಿಮ್ ರೀಮ್, ಜೋಶ್ ಸಾರ್ಜೆಂಟ್ ಥರ ಹುಡುಗರು ಬಂದಿದ್ದಾರೆ. ಆದ್ರೆ ಮೊದಲ ಸೀಸನ್ನಿನಲ್ಲಿ ನನ್ನ ಮಗಳ ಜೊತೆ ಆಡ್ತಿದ್ದ, ಅವಳಿಗಿಂತ ಎಷ್ಟೋ ಚೆನ್ನಾಗಿ ಆಡ್ತಿದ್ದ ಒಂದು ಹುಡುಗಿ ಎರಡನೇ ವರ್ಷ ಬರ್ಲಿಲ್ಲ. ಅವರಮ್ಮನ್ನ ಅಂಗಡೀಲಿ ನೋಡಿದಾಗ ಕೇಳಿದೆ, ಯಾಕೆ ಬಿಟ್ರಿ ಅಂತ. "ಮನೇಲಿ ಇನ್ನೂ ಇಬ್ಬರು ಚಿಕ್ಕೋರಿದ್ದಾರೆ" ಅಂದ್ರು, ಅಷ್ಟೇ. ಹಳೇ ಪ್ಯಾರಿಷ್ ಕಾಲದಲ್ಲಾಗಿದ್ರೆ ಆ ಮೂರೂ ಮಕ್ಕಳು ಒಂದೇ ಮೈದಾನದಲ್ಲಿ ಇರ್ತಿದ್ರು ಅಂತ ನನಗೆ ಅವತ್ತಿಡೀ ಅನ್ನಿಸ್ತಿತ್ತು.

ಹಂಗಂತ ಹಳೇದೆಲ್ಲ ಚಿನ್ನ ಅಂತ ಹೇಳಿದ್ರೆ ಸುಳ್ಳು ಹೇಳಿದಂಗೆ. ಆ ಕೇರಿಗಳ ಬಾಗಿಲು ಎಲ್ಲರಿಗೂ ತೆರೆದಿರ್ಲಿಲ್ಲ. ಇಲ್ಲಿನ ಕ್ಯಾಥೊಲಿಕ್ ಸ್ಕೂಲುಗಳಲ್ಲಿ ಕಪ್ಪು ಮಕ್ಕಳನ್ನ ಬೇರೆ ಇಡೋ ಪದ್ಧತಿಗೆ ಆರ್ಚ್‌ಬಿಷಪ್ ಜೋಸೆಫ್ ರಿಟ್ಟರ್ ಅಂತ್ಯ ಹಾಡಿದ್ದೇ 1947ರಲ್ಲಿ, ಅದಕ್ಕೂ ಬಿಳಿ ಪೋಷಕರು ಕೋರ್ಟಿಗೆ ಹೋಗ್ತೀವಿ ಅಂತ ಎದ್ದು ನಿಂತಾಗ ಅವರು ಚರ್ಚಿನಿಂದ ಬಹಿಷ್ಕಾರ ಹಾಕ್ತೀನಿ ಅಂತ ಗದರಿಸ್ಬೇಕಾಯ್ತು. ಪ್ಯಾರಿಷ್ ಮೂಲಕ ಬರೋ ಆಟ ಆದ್ದರಿಂದ ಪ್ಯಾರಿಷ್ ಯಾರನ್ನ ಹೊರಗಿಡ್ತೋ ಅವರು ಆಟದಿಂದಲೂ ಹೊರಗುಳಿದ್ರು. ಈ ಊರಿನ ಕಪ್ಪು ಜನರ ಮನೆಗಳಲ್ಲಿ ಅಜ್ಜ ಸಿವೈಸಿ ಆಡಿದ್ರು ಅನ್ನೋ ಮಾತು ಅಪರೂಪ, ಅದಕ್ಕೆ ಇದೇ ಕಾರಣ.

ಹೊಸ ಸ್ಟೇಡಿಯಂ ನಿಂತಿರೋ ಜಾಗದ ಕತೆ ಇದಕ್ಕಿಂತ ಭಾರ. ಮಾರ್ಕೆಟ್ ಸ್ಟ್ರೀಟ್ ಅಕ್ಕಪಕ್ಕ ಮಿಲ್ ಕ್ರೀಕ್ ವ್ಯಾಲಿ ಅಂತ ಒಂದು ದೊಡ್ಡ ಬಡಾವಣೆ ಇತ್ತು, ಸುಮಾರು 20,000 ಜನ, ಹೆಚ್ಚಿನವರು ಕಪ್ಪು ಜನ, ನಲವತ್ತಕ್ಕೂ ಹೆಚ್ಚು ಚರ್ಚು, ನೂರಾರು ಅಂಗಡಿ. ಕೊಳೆಗೇರಿ ನಿರ್ಮೂಲನೆ ಅನ್ನೋ ಹೆಸರಲ್ಲಿ 1959ರಿಂದ ಅದನ್ನ ಕೆಡವಿದ್ರು, 450 ಎಕರೆಗೂ ಹೆಚ್ಚು. ಕೆಡವಿ ಎಷ್ಟೋ ವರ್ಷ ಏನೂ ಕಟ್ಟದೆ ಖಾಲಿ ಬಿಟ್ಟಿದ್ದಕ್ಕೆ ಜನ ಅದನ್ನ ಹಿರೋಶಿಮಾ ಫ್ಲಾಟ್ಸ್ ಅಂತ ಕರೀತಿದ್ರು. ಆ ವರ್ಷವೇ, 1959ರಲ್ಲೇ, ಅಲ್ಲಿಂದ ಸ್ವಲ್ಪ ದೂರದಲ್ಲಿರೋ ಯೂನಿವರ್ಸಿಟಿಯ ಹುಡುಗರು ಮೊದಲ ಕಪ್ ಎತ್ತಿದ್ದು.

ಈಗ ಸ್ಟೇಡಿಯಂ ಪಕ್ಕದಲ್ಲಿ ಡೇಮನ್ ಡೇವಿಸ್ ಅನ್ನೋ ಇಲ್ಲಿನದ್ದೇ ಕಲಾವಿದ ಮಾಡಿದ ಪಿಲ್ಲರ್ಸ್ ಆಫ್ ದಿ ವ್ಯಾಲಿ ಅನ್ನೋ ಸ್ಮಾರಕ ಇದೆ, ಮರಳು ಗಡಿಯಾರದ ಆಕಾರದ ಎಂಟು ಕಲ್ಲಿನ ಕಂಬ. ಒಂದು ಶನಿವಾರ ಮ್ಯಾಚ್‌ಗೆ ಬೇಗ ಹೋಗಿದ್ವಿ, ಜನ ಎಲ್ಲ ಡ್ರಮ್ ಬಡ್ಕೊಂಡು ಗೇಟ್ ಕಡೆ ಹೋಗ್ತಿದ್ರು, ಒಬ್ಬ ವಯಸ್ಸಾದ ಹೆಂಗಸು ಮಾತ್ರ ಒಂದು ಕಂಬದ ಮುಂದೆ ನಿಂತು ಅಂಗೈ ಕಲ್ಲಿನ ಮೇಲೆ ಇಟ್ಟಿದ್ರು, ಜೊತೆಗೆ ಬಂದಿದ್ದ ಹುಡುಗ ಸಿಟಿ ಜೆರ್ಸಿ ಹಾಕ್ಕೊಂಡು ಟೈಮಾಯ್ತು ಬಾ ಅಂತ ಕೈ ಎಳೀತಿದ್ದ, ಅವರು ಅಲ್ಲಾಡ್ಲಿಲ್ಲ. ನಾನು ಕೇಳೋಕೆ ಹೋಗ್ಲಿಲ್ಲ. ಆ ಸ್ಮಾರಕ ಇಟ್ಟಿದ್ದು ಒಳ್ಳೇ ಕೆಲಸ, ತುಂಬಾ ಕ್ಲಬ್ಬುಗಳು ತಮ್ಮ ನೆಲದ ಕತೆ ಹೇಳೋ ಧೈರ್ಯ ಮಾಡಲ್ಲ. ಆದ್ರೆ ಆ ಹುಡುಗನಿಗೆ ಅವನ ಮನೆಯಿಂದ ನಡ್ಕೊಂಡು ಹೋಗೋ ದೂರದಲ್ಲಿ ಫುಟ್ಬಾಲ್ ಮೈದಾನ ಇದೆಯಾ ಅನ್ನೋದು ಕಲ್ಲು ಹೇಳಲಾಗದ ವಿಷಯ.

ಕೇರಿ ಇದ್ರೆ ಆಟ ತಾನಾಗೇ ಬರುತ್ತೆ ಅನ್ನೋದಕ್ಕೆ ಇತ್ತೀಚಿನ ಸಾಕ್ಷಿ ಬೋಸ್ನಿಯನ್ನರು. 1990ರ ದಶಕದ ಯುದ್ಧದಿಂದ ತಪ್ಪಿಸ್ಕೊಂಡು ಬಂದ ಬೋಸ್ನಿಯನ್ ಕುಟುಂಬಗಳು ಬೀವೋ ಮಿಲ್ ಅನ್ನೋ ಏರಿಯಾ ಸುತ್ತ ಖಾಲಿ ಬಿದ್ದಿದ್ದ ಇಟ್ಟಿಗೆ ಮನೆಗಳನ್ನ ಕೊಂಡು ರಿಪೇರಿ ಮಾಡಿ ನಿಂತ್ರು, ಬೇಕರಿ ತೆರೆದ್ರು, ತಾಮ್ರದ ಪುಟ್ಟ ಪಾತ್ರೆಯಲ್ಲಿ ಕಾಸೋ ಕಾಫಿ ಅಂಗಡಿ ತೆರೆದ್ರು, ಸರಾಯೆವೋದಲ್ಲಿರೋ ಸೆಬಿಲ್ ಕಾರಂಜಿಯ ಪ್ರತಿಕೃತಿನೂ ಕಟ್ಟಿದ್ರು. ಆ ಗುಂಪಲ್ಲಿ ಬಂದವನು ವೆದಾದ್ ಇಬಿಶೆವಿಚ್, ರೂಸ್‌ವೆಲ್ಟ್ ಅನ್ನೋ ಸರ್ಕಾರಿ ಹೈಸ್ಕೂಲಲ್ಲಿ ಆಡ್ದ, ಸೇಂಟ್ ಲೂಯಿಸ್ ಯೂನಿವರ್ಸಿಟಿಗೆ ಆಡ್ದ, ಅಲ್ಲಿಂದ ಯುರೋಪಿಗೆ. 2013ರ ಅಕ್ಟೋಬರಲ್ಲಿ ಲಿಥುವೇನಿಯಾ ವಿರುದ್ಧ ಅವನು ಹೊಡೆದ ಗೋಲು ಬೋಸ್ನಿಯಾವನ್ನ ಮೊದಲ ಸಲ ವರ್ಲ್ಡ್ ಕಪ್‌ಗೆ ಕಳಿಸ್ತು, ಮುಂದಿನ ವರ್ಷ ಬ್ರೆಜಿಲ್‌ನ ಮರಕಾನಾ ಸ್ಟೇಡಿಯಮ್ಮಲ್ಲಿ ಅರ್ಜೆಂಟೀನಾ ವಿರುದ್ಧ ಆ ದೇಶದ ಮೊದಲ ವರ್ಲ್ಡ್ ಕಪ್ ಗೋಲೂ ಅವನದ್ದೇ. ನಡುವೆ 2013ರ ನವೆಂಬರಲ್ಲಿ ಬೋಸ್ನಿಯಾ ಮತ್ತು ಅರ್ಜೆಂಟೀನಾ ಸ್ನೇಹಪಂದ್ಯ ಆಡಿದ್ದು ಇದೇ ಊರಿನ ಬುಷ್ ಬೇಸ್‌ಬಾಲ್ ಸ್ಟೇಡಿಯಮ್ಮಲ್ಲಿ. ಈಗ ಆ ಬೋಸ್ನಿಯನ್ನರ ಮಕ್ಕಳೂ ಚೆನ್ನಾಗಿ ದುಡೀತಿದ್ದಾರೆ, ಬೀವೋ ಬಿಟ್ಟು ಸೌತ್ ಕೌಂಟಿಗೆ ಮನೆ ಬದಲಾಯಿಸ್ತಿದ್ದಾರೆ. ಐರಿಷ್ ನಡೆದ ದಾರಿ, ಇಟಾಲಿಯನ್ನರು ನಡೆದ ದಾರಿ.

ಇಷ್ಟೆಲ್ಲ ನೋಡಿದ ಮೇಲೆ ಸಿಟಿ ಎಸ್‌ಸಿ ಬಗ್ಗೆ ಏನು ಹೇಳೋದು? 2017ರ ಏಪ್ರಿಲಲ್ಲಿ ಮೇಜರ್ ಲೀಗ್ ಸ್ಟೇಡಿಯಮ್ಮಿಗೆ 6 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡ್ಬೇಕಾ ಅಂತ ಸಿಟಿ ಮತದಾರರನ್ನ ಕೇಳಿದಾಗ ಜನ ಬೇಡ ಅಂದ್ರು. ಫುಟ್ಬಾಲ್ ಊರು ಫುಟ್ಬಾಲ್ ಬೇಡ ಅಂತು ಅಂತ ಆಗ ಹೊರಗಿನವರು ಬರೆದ್ರು, ನನಗೆ ಅದು ತಪ್ಪು ಓದು ಅನ್ಸುತ್ತೆ. ಮತ ಹಾಕಿದ್ದು ಸಿಟಿ ಒಳಗಿನವರು, ಫುಟ್ಬಾಲ್ ನೆನಪಿರೋ ಎಷ್ಟೋ ಕುಟುಂಬ ಅಷ್ಟೊತ್ತಿಗೆ ಕೌಂಟಿಯಲ್ಲಿದ್ವು. ಆಮೇಲೆ ಬಾಡಿಗೆ ಕಾರಿನ ಎಂಟರ್‌ಪ್ರೈಸ್ ಕಂಪನಿಯ ಟೇಲರ್ ಕುಟುಂಬ ಮುಂದೆ ಬಂತು, ಬಹುಪಾಲು ಖಾಸಗಿ ಹಣದಲ್ಲಿ ಕಟ್ಟಿದ್ರು, 22,500 ಸೀಟು, 2019ರಲ್ಲಿ ಲೀಗ್ ಒಪ್ಪಿಗೆ ಸಿಕ್ತು. ಮೊದಲ ಸೀಸನ್ನಲ್ಲಿ ಸತತ ಐದು ಮ್ಯಾಚ್ ಗೆದ್ದು ಪಶ್ಚಿಮ ವಿಭಾಗದಲ್ಲಿ ಮೊದಲ ಸ್ಥಾನಕ್ಕೂ ಬಂದ್ರು. ಅಕಾಡೆಮಿಯಲ್ಲಿ ಫೀಸಿಲ್ಲ, ಇದು ನಿಜವಾಗ್ಲೂ ದೊಡ್ಡದು. ಆದ್ರೆ ಅಕಾಡೆಮಿ ಅಂದ್ರೆ ವಯಸ್ಸಿಗೊಂದು ಟೀಮು, ಆರಿಸಿದ ಕೆಲವೇ ಮಕ್ಕಳು. ಪ್ಯಾರಿಷ್ ಟೀಮಿನ ಗುಟ್ಟು ಆರಿಸ್ತಿರ್ಲಿಲ್ಲ ಅನ್ನೋದ್ರಲ್ಲಿತ್ತು, ಬಂದವರೆಲ್ಲ ಆಡ್ತಿದ್ರು, ಅವರಲ್ಲಿ ಯಾರೋ ಒಬ್ಬ ಬೋರ್ಗಿ ಆಗ್ತಿದ್ದ. ಈ ಕೆಲಸವನ್ನ ಒಂದು ವೃತ್ತಿಪರ ಕ್ಲಬ್ ಒಂದೇ ಮಾಡೋಕಾಗಲ್ಲ, ಮಾಡಿ ಅಂತ ಕೇಳೋದೂ ನ್ಯಾಯ ಅಲ್ಲ.

ಹಂಗಾಗಿ ನಾನು ಈಗ ಕಣ್ಣಿಟ್ಟಿರೋದು ಪಾಯಿಂಟ್ಸ್ ಟೇಬಲ್ ಮೇಲಲ್ಲ, ಮುಚ್ಚಿದ ಪ್ಯಾರಿಷ್‌ಗಳ ಹಿಂದಿರೋ ಮೈದಾನಗಳ ಮೇಲೆ. ಚರ್ಚ್ ಕಟ್ಟಡ, ಸ್ಕೂಲ್, ಪಾದ್ರಿಗಳ ಮನೆ, ಹಿಂದೆ ಒಂದೂವರೆ ಎಕರೆ ಹುಲ್ಲು, ಹೆಚ್ಚುಕಮ್ಮಿ ಎಲ್ಲಾ ಕಡೆ ಇದೇ ನಕ್ಷೆ. ಕಟ್ಟಡ ಮಾರಿದ್ರೆ ಅಪಾರ್ಟ್‌ಮೆಂಟ್ ಆಗ್ಲಿ, ಇನ್ನೊಂದು ಪಂಥದ ಚರ್ಚ್ ಆಗ್ಲಿ, ಹುಲ್ಲನ್ನ ಮಾತ್ರ ಬೇರೆ ಮಾಡಿ ಸಿಟಿ ಪಾರ್ಕ್ಸ್ ಇಲಾಖೆಗೋ, ಕ್ಲಬ್ಬಿನ ಫೌಂಡೇಶನ್ನಿಗೋ, ಆ ಬೀದಿಯ ಜನರ ಸಂಘಕ್ಕೋ ಉಳಿಸೋಕಾದ್ರೆ ಸಾಕು. ಅದೂ ಮುಖ್ಯವಾಗಿ ಉತ್ತರ ಭಾಗದಲ್ಲಿ, ಅಲ್ಲಿ ಪ್ಯಾರಿಷ್ ಮೊದಲೇ ಹೋಯ್ತು, ಕ್ಲಬ್ ಯಾವತ್ತೂ ಬರ್ಲೇ ಇಲ್ಲ. ಗೋಲ್‌ಪೋಸ್ಟ್ ಎರಡು, ಸಂಜೆ ದೀಪ ನಾಲ್ಕು, ಗೇಟಿಗೆ ಬೀಗ ಇಲ್ಲ, ಇಷ್ಟಕ್ಕೆ ಒಂದು ಆಟಗಾರನ ಒಂದು ವರ್ಷದ ಸಂಬಳದಷ್ಟೂ ಆಗಲ್ಲ. ಕಳೆದ ವಾರ ಮಗಳನ್ನ ಪ್ರಾಕ್ಟೀಸಿಗೆ ಬಿಟ್ಟು ಸಿಟಿ ಒಳಗೆ ಹೋಗಿದ್ದೆ, ದಕ್ಷಿಣ ಭಾಗದ ಒಂದು ಹಳೇ ಸ್ಕೂಲ್ ಬಾಗಿಲಿಗೆ ಹಲಗೆ ಹೊಡೆದಿದ್ರು, ಹಿಂದಿನ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ನಡುವೆ ಮಾತ್ರ ಯಾರೋ ತುಳಿದು ತುಳಿದು ಒಂದು ಚೌಕ ಮಾಡಿದ್ರು, ಎರಡು ಕಡೆ ಎರಡೆರಡು ಬ್ಯಾಗು ಇಟ್ಟು ಆರೇಳು ಹುಡುಗರು ಆಡ್ತಿದ್ರು. ಬೇಲಿಗೆ ಮಾರಾಟಕ್ಕಿದೆ ಅನ್ನೋ ಬೋರ್ಡ್ ಕಟ್ಟಿತ್ತು, ಬಾಲ್ ಎರಡು ಸಲ ಅದಕ್ಕೇ ಬಡೀತು.